ಅರ್ಧ ತೋಳಿನ ಸೈಬರ್ ಭದ್ರತೆ

ಕಂಪ್ಯೂಟರ್ ಭದ್ರತೆ ಅಂದರೆ ಬೆಂಗಳೂರಿನವರು ಫೈರ್‌ವಾಲ್, ಎನ್‌ಕ್ರಿಪ್ಷನ್ ಅಂತ ಏನೇನೋ ಹೇಳುತ್ತಾರೆ. ಅವರಿಗೆ ದುಡ್ಡು ಜಾಸ್ತಿ, ಹೇಳಲಿ ಬಿಡಿ. ನಮ್ಮ ಕಲಬುರಗಿಯಲ್ಲಿ ಆ ಕೆಲಸವನ್ನೆಲ್ಲ ಒಂದು ಕತ್ತರಿ ಮಾಡುತ್ತದೆ. ಸರ್ಕಾರಿ ನೌಕರಿಯ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಒಂದು ಟೇಬಲ್, ಅದರ ಮೇಲೆ ಕತ್ತರಿ. ಪೂರ್ತಿ ತೋಳಿನ ಅಂಗಿ ಹಾಕಿಕೊಂಡು ಬಂದ ಹುಡುಗ ಎದುರು ನಿಂತರೆ ಮೊಣಕೈ ಮೇಲೆ ಕಚಕ್ ಅನ್ನುತ್ತದೆ. ಅಂಗಿ ಅಣ್ಣನದೋ, ಮಾವನದೋ, ತಂಗಿಯ ಮದುವೆಗೆ ಹೊಲಿಸಿದ್ದೋ, ಯಾರು ಕೇಳುತ್ತಾರೆ. ಎರಡು ತೋಳು ಟೇಬಲ್ ಕೆಳಗಿನ ರಟ್ಟಿನ ಡಬ್ಬಿಗೆ ಬೀಳುತ್ತವೆ. ರಾಜ್ಯದ ನೇಮಕಾತಿ ವ್ಯವಸ್ಥೆ ಸುರಕ್ಷಿತವಾಗುತ್ತದೆ.

ಹೊರಗಿನವರು ನಗಬಹುದು. ಇದರ ಹಿಂದೆ ನಮ್ಮದೇ ಒಂದು ಇತಿಹಾಸ ಇದೆ. ಬೇರೆ ಊರುಗಳಲ್ಲಿ ಬ್ಲೂಟೂತ್ ಅಂದರೆ ಹಾಡು ಕೇಳುವ ಸೌಕರ್ಯ. ನಮ್ಮಲ್ಲಿ ಆ ಹೆಸರು ಎತ್ತಿದರೆ ಎದುರಿಗಿದ್ದವರು 'ಯಾವ ಪರೀಕ್ಷೆದ್ದು?' ಅಂತ ಕೇಳುತ್ತಾರೆ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಸುಮಾರು 54 ಸಾವಿರ ಮಂದಿ ಬರೆದರು. ಅಕ್ರಮದ ದೊಡ್ಡ ಗಂಟು ಬಿಚ್ಚಿಕೊಂಡಿದ್ದು ಕಲಬುರಗಿಯ ಒಂದು ಶಾಲೆಯಲ್ಲಿ. 2022ರ ಏಪ್ರಿಲ್‌ನಲ್ಲಿ ಇಡೀ ಪರೀಕ್ಷೆ ರದ್ದು. ಅದು ಮರೆಯುವ ಮೊದಲೇ, 2023ರ ಅಕ್ಟೋಬರ್‌ನಲ್ಲಿ, ನಿಗಮ-ಮಂಡಳಿಗಳ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಯಲ್ಲಿ ಮತ್ತೆ ನಮ್ಮ ಕಲಬುರಗಿ, ಯಾದಗಿರಿಯಲ್ಲೇ ಬ್ಲೂಟೂತ್ ಸಾಧನ ಇಟ್ಟುಕೊಂಡವರು ಸಿಕ್ಕಿಬಿದ್ದರು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಇದು ಈ ಊರಿನದೇ ವಿಶೇಷ ಅನ್ನುವ ಜಿಐ ಟ್ಯಾಗ್ ಬಂತು. ಇದಕ್ಕೂ ಅರ್ಜಿ ಹಾಕಿದ್ದರೆ ಸಿಗುತ್ತಿತ್ತೇನೋ.

ಹಾಗಾಗಿ ಸರ್ಕಾರ ಏನಾದರೂ ಮಾಡಲೇಬೇಕಿತ್ತು. ಮಾಡಿತು. ತೋಳು ಕತ್ತರಿಸಿತು.

ಈಗ ಸ್ವಲ್ಪ ವಿಜ್ಞಾನ ಮಾತಾಡೋಣ. ಸುದ್ದಿಯಲ್ಲಿ ಬ್ಲೂಟೂತ್ ಅಂತ ಬರೆದರೂ, ಇಂಥ ಕಿಟ್‌ಗಳಲ್ಲಿ ಕಿವಿಯೊಳಗೆ ಕೂರುವ ಕಾಳಿನಷ್ಟು ಚಿಕ್ಕ ಸಾಧನದಲ್ಲಿ ಸಾಮಾನ್ಯವಾಗಿ ಬ್ಲೂಟೂತ್ ಇರುವುದೇ ಇಲ್ಲ. ಬನಿಯನ್ ಒಳಗೋ ಸೊಂಟದಲ್ಲೋ ಒಂದು ಸಣ್ಣ ಡಬ್ಬಿ ಇರುತ್ತದೆ, ಅದರಲ್ಲೊಂದು ಸಿಮ್. ಹೊರಗಿನಿಂದ ಅದಕ್ಕೆ ಸಾದಾ ಫೋನ್ ಕಾಲ್ ಬರುತ್ತದೆ. ಕೊರಳ ಸುತ್ತ ತಂತಿಯ ಒಂದು ಸುತ್ತು. ಧ್ವನಿಯ ಕರೆಂಟ್ ಆ ತಂತಿಯಲ್ಲಿ ಹರಿದಾಗ ಸುತ್ತಲಿನ ಕಾಂತಕ್ಷೇತ್ರ ಏರಿಳಿಯುತ್ತದೆ. ಕಿವಿಯೊಳಗಿನ ಕಾಳು ಅದನ್ನು ಹಿಡಿದು ಮತ್ತೆ ಶಬ್ದ ಮಾಡುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವ ಇದು, ಪಿಯುಸಿ ಪುಸ್ತಕದಲ್ಲೇ ಇದೆ. ನಕಲು ಮಾಡಲು ಬಳಸುವ ಸಾಧನದ ಪಾಠವನ್ನು ನಿಯತ್ತಾಗಿ ಓದಿದ್ದರೆ ನಕಲೇ ಬೇಕಿರಲಿಲ್ಲ, ಅದು ಬೇರೆ ಮಾತು.

ಈ ಇಡೀ ಏರ್ಪಾಡಿನಲ್ಲಿ ತೋಳಿಗೆ ಏನು ಕೆಲಸ? ಸಿಮ್ ಎದೆಯ ಹತ್ತಿರ, ತಂತಿ ಕೊರಳಲ್ಲಿ, ಕಾಳು ಕಿವಿಯಲ್ಲಿ. ತೋಳಿನಲ್ಲಿ ಇರುವುದು ಬರೀ ತೋಳು. ಗೇಟಿನಲ್ಲಿ ಮೆಟಲ್ ಡಿಟೆಕ್ಟರ್ ಇದ್ದರೆ, ಅದನ್ನು ಹಿಡಿದವರು ಹಾರ ಹಾಕಿದಂತೆ ಸುಮ್ನೆ ಎರಡು ಸಲ ಆಡಿಸದೆ ಸರಿಯಾಗಿ ತಿರುಗಿಸಿದರೆ, ಡಬ್ಬಿ ಸಿಗುತ್ತದೆ. ಅಷ್ಟಕ್ಕೆ ಕತ್ತರಿ ಯಾಕೆ ಬೇಕು?

ಹೋಗಲಿ. ಕಿವಿಗೆ ಉತ್ತರ ಬರಬೇಕಾದರೆ ಮೊದಲು ಏನಾಗಬೇಕು ಹೇಳಿ. ಪ್ರಶ್ನೆಪತ್ರಿಕೆ ಹೊರಗೆ ಹೋಗಬೇಕು, ಅಲ್ವಾ? ಯಾರೋ ಅದರ ಫೋಟೊ ತೆಗೆಯಬೇಕು, ಯಾರಿಗೋ ಕಳಿಸಬೇಕು. ಹೊರಗೆ ಒಬ್ಬ ಗೈಡ್ ತೆರೆದುಕೊಂಡು ಉತ್ತರ ಹುಡುಕಬೇಕು. ಆಮೇಲೆ ತಾನೇ ಫೋನ್ ಕಾಲ್? ಆ ಪತ್ರಿಕೆ ಹೊರಗೆ ಹೋಗುವ ಬಾಗಿಲಲ್ಲಿ ಕತ್ತರಿಯೂ ಇಲ್ಲ, ಟೇಬಲ್ಲೂ ಇಲ್ಲ. ಅಲ್ಲಿ ಪೂರ್ತಿ ತೋಳಿನ ಅಂಗಿ ಕಂಡರೆ ಎದ್ದು ನಿಂತು ನಮಸ್ಕಾರ ಹೊಡೆಯುತ್ತಾರೆ. ಕಂಪ್ಯೂಟರ್ ಭದ್ರತೆಯವರು ಇದನ್ನು ಇನ್‌ಸೈಡರ್ ಥ್ರೆಟ್, ಅಂದರೆ ಒಳಗಿನವರಿಂದಲೇ ಅಪಾಯ, ಅಂತ ಕರೆದು ದೊಡ್ಡ ದೊಡ್ಡ ಸೆಮಿನಾರ್ ಮಾಡುತ್ತಾರೆ. ನಮ್ಮ ಅಜ್ಜಿ ಬೇಲಿಯೇ ಎದ್ದು ಹೊಲ ಮೇದರೆ ಅಂತ ಹೇಳಿ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ಪಿಎಸ್‌ಐ ಹಗರಣದಲ್ಲಿ 2022ರ ಜುಲೈನಲ್ಲಿ ಬಂಧನಕ್ಕೆ ಒಳಗಾದವರಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿಯೇ ಇದ್ದರು. ಉತ್ತರದ ವೃತ್ತ ಕಪ್ಪು ಮಾಡುವ ಒಎಂಆರ್ ಹಾಳೆಗಳನ್ನು ಕಾಪಾಡಬೇಕಾದ ಸ್ಟ್ರಾಂಗ್‌ರೂಮಿನಲ್ಲೇ ತಿದ್ದಿದರು ಅನ್ನುವುದು ತನಿಖೆ ಮಾಡಿದ ಸಿಐಡಿಯ ಆರೋಪ. ಸ್ಟ್ರಾಂಗ್‌ರೂಮಿಗೆ ಹೋಗುವವರಿಗೆ ಅರ್ಧ ತೋಳಿನ ನಿಯಮ ಇತ್ತೋ ಇಲ್ಲವೋ, ಯಾರೂ ಕೇಳಲಿಲ್ಲ.

ಹಾಗಾದರೆ ಈ ಹಗರಣ ಸಿಕ್ಕಿಬಿದ್ದಿದ್ದು ಹೇಗೆ ಗೊತ್ತಾ? ಕೃತಕ ಬುದ್ಧಿಮತ್ತೆ ಹಿಡಿಯಲಿಲ್ಲ. ಸಿಸಿಟಿವಿ ಹಿಡಿಯಲಿಲ್ಲ. ಒಎಂಆರ್ ಹಾಳೆಯ ಕಾರ್ಬನ್ ಪ್ರತಿ ಹಿಡಿಯಿತು. ಕಲಬುರಗಿ ಕೇಂದ್ರದಲ್ಲಿ ಬರೆದ ಒಬ್ಬ ಅಭ್ಯರ್ಥಿಯ ಕಾರ್ಬನ್ ಪ್ರತಿ ಹೊರಗೆ ಬಂತು. ಅದರಲ್ಲಿ ಉತ್ತರ ಗುರುತಿಸಿದ್ದು 21 ಪ್ರಶ್ನೆಗೆ. ಪಟ್ಟಿಯಲ್ಲಿ ಬಂದ ಅಂಕ 121. ಬಸ್ ಟಿಕೆಟ್ ಹರಿಯುವ ಕಂಡಕ್ಟರನಿಗೂ ಅರ್ಥವಾಗುವ ಲೆಕ್ಕ. ಒಂದೇ ದಾಖಲೆಯ ಎರಡು ಪ್ರತಿ ಎರಡು ಬೇರೆ ಕೈಯಲ್ಲಿದ್ದರೆ ತಿದ್ದಿದವನು ಸಿಗುತ್ತಾನೆ. ಬ್ಲಾಕ್‌ಚೈನ್ ಅಂತ ಕೋಟಿಗಟ್ಟಲೆ ಸುರಿದು ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ಆದರೆ ಕಾರ್ಬನ್ ಹಾಳೆಗೆ ಪತ್ರಿಕಾಗೋಷ್ಠಿ ಮಾಡಲು ಆಗುವುದಿಲ್ಲ. ಕತ್ತರಿಯಾದರೆ ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ.

ಬ್ರೂಸ್ ಷ್ನಾಯರ್ ಎಂಬ ಅಮೆರಿಕದ ಭದ್ರತಾ ತಜ್ಞ ಇಂಥದ್ದಕ್ಕೆ ಸೆಕ್ಯುರಿಟಿ ಥಿಯೇಟರ್, ಅಂದರೆ ಭದ್ರತೆಯ ನಾಟಕ, ಅಂತ ಹೆಸರಿಟ್ಟಿದ್ದಾರೆ. ಭದ್ರತೆ ಇದೆ ಅಂತ ನೋಡುವವರಿಗೆ ಅನ್ನಿಸಬೇಕು, ಇರಬೇಕು ಅಂತೇನಿಲ್ಲ. ನಮ್ಮ ಕಡೆಯ ದೊಡ್ಡಾಟದವರು ಕೇಳಿದರೆ ಬೇಜಾರು ಮಾಡಿಕೊಂಡಾರು. ಅವರು ಬಣ್ಣ ಹಚ್ಚಿ ಬೆಳಗಿನವರೆಗೆ ಕುಣಿದರೂ ಅವರ ಮೇಳಕ್ಕೆ ಸರ್ಕಾರದಿಂದ ಸಿಗುವುದು ಅಷ್ಟಕ್ಕಷ್ಟೇ.

ಕಾಲಿನ ಕಥೆ ಇನ್ನೂ ಸೊಗಸು. 2023ರ ನವೆಂಬರ್‌ನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ವಸ್ತ್ರಸಂಹಿತೆ ತಂದಾಗ ಬೂಟು ಬೇಡ, ಚಪ್ಪಲಿ ಇರಲಿ ಅಂದಿತು. ಅದಕ್ಕೆ ಎರಡು ವರ್ಷ ಹಿಂದೆ, 2021ರ ಸೆಪ್ಟೆಂಬರ್‌ನಲ್ಲಿ, ರಾಜಸ್ಥಾನದಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ ನಡೆದಿತ್ತು. ಅಂದು ಬಿಕಾನೇರ್‌ನಲ್ಲಿ ಪೊಲೀಸರು ಹಿಡಿದ ಸಾಧನ ಎಲ್ಲಿತ್ತು? ಚಪ್ಪಲಿಯ ಅಟ್ಟೆಯೊಳಗೆ! ಅದೇ ಪರೀಕ್ಷೆಗೆ ಅಂತ ಅಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ಮೊಬೈಲ್ ಇಂಟರ್ನೆಟ್ ಬೇರೆ ಬಂದ್ ಮಾಡಿದ್ದರು. ಅಂಗಡಿಯವರ ಯುಪಿಐ ನಿಂತಿತು, ಟಿಕೆಟ್ ಬುಕಿಂಗ್ ನಿಂತಿತು, ಪಾಪ ಯಾರದೋ ಮಗನ ವಿಡಿಯೋ ಕಾಲೂ ನಿಂತಿತು. ಸಾದಾ ಫೋನ್ ಕಾಲ್‌ಗೆ ಇಂಟರ್ನೆಟ್ ಯಾಕೆ ಬೇಕು? ಕೊನೆಗೆ 2022ರ ಫೆಬ್ರವರಿಯಲ್ಲಿ ಆ ಪರೀಕ್ಷೆಯ ಎರಡನೇ ಹಂತವನ್ನು ರದ್ದು ಮಾಡಿದರು. ಪ್ರಶ್ನೆಪತ್ರಿಕೆ ಪರೀಕ್ಷೆಗೆ ಮೊದಲೇ ಜೈಪುರದ ಶಿಕ್ಷಣ ಇಲಾಖೆಯ ಕಟ್ಟಡದಿಂದ ಹೊರಗೆ ಹೋಗಿತ್ತು. ಲಕ್ಷಾಂತರ ಜನರ ನೆಟ್ ನಿಂತಿತ್ತು, ಪತ್ರಿಕೆ ಮಾತ್ರ ನಿಲ್ಲಲಿಲ್ಲ.

ಇನ್ನು ಕೊರಳು. 2023ರ ನವೆಂಬರ್‌ನಲ್ಲೇ ಕಲಬುರಗಿಯ ಒಂದು ಪರೀಕ್ಷಾ ಕೇಂದ್ರದಲ್ಲಿ ಹೆಣ್ಣುಮಕ್ಕಳಿಗೆ ತಾಳಿ ತೆಗೆಯಲು ಹೇಳಿ ದೊಡ್ಡ ಗಲಾಟೆ ಆಯಿತು. ಆಮೇಲೆ ತಾಳಿ, ಕಾಲುಂಗುರ ಇರಲಿ ಅಂತ ಸ್ಪಷ್ಟನೆ ಬಂತು. ಒಳ್ಳೆಯದೇ ಆಯಿತು. 2025ರ ಏಪ್ರಿಲ್‌ನಲ್ಲಿ ಸಿಇಟಿ. ಬೀದರ್‌ನ ಒಂದು ಕೇಂದ್ರದಲ್ಲಿ ಜನಿವಾರ ತೆಗೆಯಲು ಒಪ್ಪದ ಹುಡುಗನಿಗೆ ಗಣಿತದ ಪರೀಕ್ಷೆ ತಪ್ಪಿತು. ಈ ಎರಡರ ಲೆಕ್ಕ ನನಗೆ ಇನ್ನೂ ಹತ್ತುತ್ತಿಲ್ಲ. ಬಂಗಾರ ವಿದ್ಯುತ್ ಹರಿಸುತ್ತದೆ, ಹತ್ತಿ ಹರಿಸುವುದಿಲ್ಲ. ಭೌತಶಾಸ್ತ್ರ ಕೇಳಿದರೆ ಅನುಮಾನ ಪಡಬೇಕಾದ್ದು ಬಂಗಾರದ ಮೇಲೆ. ನಮ್ಮ ಗೇಟಿನಲ್ಲಿ ಕಂಡಕ್ಟರ್ ಒಳಗೆ, ಇನ್ಸುಲೇಟರ್ ಹೊರಗೆ. ಎರಡರಿಂದಲೂ ಯಾರಿಗೂ ಅಪಾಯ ಇರಲಿಲ್ಲ ಅನ್ನುವುದು ಬೇರೆ. ಸಿಮ್ ಹಾಕುವ ಜಾಗ ಇರುವ ಜನಿವಾರ ಮಾರುಕಟ್ಟೆಗೆ ಬಂದಿದ್ದರೆ ನನ್ನಂಥ ಗ್ಯಾಜೆಟ್ ಹುಚ್ಚನಿಗೆ ಮೊದಲು ತಿಳಿಯುತ್ತಿತ್ತು.

ಇಷ್ಟೆಲ್ಲ ಬಿಗಿ ಇರುವ ಗೇಟಿನಿಂದ ರಸ್ತೆ ದಾಟಿದರೆ ಝೆರಾಕ್ಸ್ ಅಂಗಡಿ. ಪರೀಕ್ಷೆ ದಿನ ಬೆಳಗ್ಗೆ ನನ್ನ ಅಣ್ಣನ ಮಗನ ಜೊತೆ ಹೋಗಿದ್ದೆ. ಹಾಲ್ ಟಿಕೆಟ್ ಪ್ರಿಂಟ್ ಬೇಕಿತ್ತು.

"ವಾಟ್ಸ್ಯಾಪ್ ಮಾಡ್ರಿ ಸರ್, ತೆಗದು ಕೊಡ್ತೀನಿ," ಅಂದ ಅಂಗಡಿ ಹುಡುಗ. ಗೋಡೆಗೆ ನಂಬರ್ ಅಂಟಿಸಿತ್ತು. ಕಂಪ್ಯೂಟರಿನ ಪರದೆ ನಮ್ಮ ಕಡೆಗೇ ಇತ್ತು. ಡೌನ್‌ಲೋಡ್ ಫೋಲ್ಡರಿನಲ್ಲಿ ಹಾಲ್ ಟಿಕೆಟ್, ಆಧಾರ್, ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಯಾರದೋ ಮದುವೆ ಪತ್ರಿಕೆ, ಎಲ್ಲ ಹೆಗಲಿಗೆ ಹೆಗಲು ಕೊಟ್ಟು ಕೂತಿದ್ದವು. ಅಳಿಸುವ ಪದ್ಧತಿ ಇದ್ದಂತೆ ಕಾಣಲಿಲ್ಲ.

"ತಮ್ಮಾ, ಇವೆಲ್ಲ ಡಿಲೀಟ್ ಮಾಡಂಗಿಲ್ಲೇನು?"

"ಯಾಕ್ರಿ ಸರ್, ನಾಳೆ ಮತ್ತ ಅವರೇ ಬರ್ತಾರಲ್ರಿ."

ಗ್ರಾಹಕ ಸೇವೆ ಅಂದರೆ ಇದು. ಇಳಿಸಿಕೊಂಡ ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದಲ್ಲ, ಅದನ್ನು ಅವನು ಯಾರಿಗೂ ಕೇಳುವುದೇ ಇಲ್ಲ. ಕೇಳುವ ಅಗತ್ಯ ಏನಿದೆ? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಆಮೇಲೆ ಹುಟ್ಟಿದ ವರ್ಷ. ದೇಶದ ಎಲ್ಲರಿಗೂ ಒಂದೇ ಸೂತ್ರ. ಹೆಸರು ಫೈಲಿನ ಮೇಲಿದೆ, ವರ್ಷ ಪಕ್ಕದ ಅಂಕಪಟ್ಟಿಯಲ್ಲಿದೆ.

ಝೆರಾಕ್ಸ್ ಕೊಡಬೇಡಿ ಅಂತ ಸರ್ಕಾರವೇ ಒಂದು ಸಲ ಹೇಳಿತ್ತು, ನೆನಪಿದೆಯೇ? 2022ರ ಮೇ ತಿಂಗಳಲ್ಲಿ. ಆಧಾರ್ ಪ್ರತಿ ಎಲ್ಲರಿಗೂ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅಂತ ಆಧಾರ್ ಪ್ರಾಧಿಕಾರದ ಬೆಂಗಳೂರಿನ ಪ್ರಾದೇಶಿಕ ಕಚೇರಿಯಿಂದ ಸೂಚನೆ ಹೊರಟಿತು. ತುಂಬಾ ಒಳ್ಳೆಯ ಮಾತು. ಜನ ತಪ್ಪು ತಿಳಿದುಕೊಳ್ಳಬಹುದು ಅಂತ ಎರಡೇ ದಿನಕ್ಕೆ ವಾಪಸ್ ತೆಗೆದುಕೊಂಡರು. ಜನ ಸರಿಯಾಗಿಯೇ ತಿಳಿದುಕೊಂಡಿದ್ದರು, ತೊಂದರೆ ಆಗಿದ್ದೇ ಅಲ್ಲಿ.

ಇನ್ನು ಹುಡುಗರ ಮೊಬೈಲ್‌ಗಳು. ಒಳಗೆ ಬಿಡುವುದಿಲ್ಲ, ಹೊರಗೆ ಇಡಲು ಜಾಗ ಇಲ್ಲ. ಚಹಾ ಅಂಗಡಿಯ ಕಾಕಾ ಒಂದು ಪ್ಲಾಸ್ಟಿಕ್ ಬುಟ್ಟಿ ಇಟ್ಟಿದ್ದ. ಫೋನಿಗೊಂದು ಚೀಟಿ, ಚೀಟಿಗೊಂದು ರಬ್ಬರ್ ಬ್ಯಾಂಡ್, ತಲೆಗೆ ಇಪ್ಪತ್ತು ರೂಪಾಯಿ. ನೂರಾರು ಹುಡುಗರ ಬ್ಯಾಂಕು, ಓಟಿಪಿ, ಫೋಟೊ ಎಲ್ಲ ಸುಸಲಾ ಕಡಾಯಿ ಪಕ್ಕ. ಆದರೆ ಒಂದು ಮಾತು ಹೇಳಲೇಬೇಕು. ಸಂಜೆ ಒಂದು ಫೋನೂ ಅದಲುಬದಲಾಗಲಿಲ್ಲ. ಅಂದು ನಾನು ನೋಡಿದ ಭದ್ರತಾ ವ್ಯವಸ್ಥೆಗಳಲ್ಲಿ ಪೂರ್ತಿ ಕೆಲಸ ಮಾಡಿದ್ದು ಅದೊಂದೇ.

ಈಚೆಗೆ ಕತ್ತರಿಯ ಜೊತೆ ಕ್ಯಾಮೆರಾ ಬಂದಿದೆ. ವೆಬ್‌ಕಾಸ್ಟಿಂಗ್, ಮುಖ ಗುರುತಿಸುವ ತಂತ್ರಾಂಶ. ಬೇರೆಯವರ ಹೆಸರಲ್ಲಿ ಬರೆಯುವವರನ್ನು ಹಿಡಿಯಲು ಇದು ಉಪಯೋಗಕ್ಕೆ ಬರಬಹುದು, ನಾನು ಬೇಡ ಅನ್ನುವುದಿಲ್ಲ. ಒಂದು ಸಣ್ಣ ಪ್ರಶ್ನೆ ಮಾತ್ರ. ಪರೀಕ್ಷೆ ಮುಗಿದ ಮೇಲೆ ಆ ಮುಖ ಎಲ್ಲಿ ಹೋಗುತ್ತದೆ? ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು. ಮುಖ ಸೋರಿದರೆ ಹುಡುಗ ಏನು ಮಾಡಬೇಕು? ಕತ್ತರಿಸಿದ ತೋಳಾದರೂ ಡಬ್ಬಿಯಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಹಾಕಿದ ಕೇಸು ಅದು. ಡೇಟಾ ರಕ್ಷಣೆಯ ಕಾಯ್ದೆ ಬರಲು 2023ರ ಆಗಸ್ಟ್ ಆಯಿತು, ಅದರ ನಿಯಮ ಬರಲು 2025ರ ನವೆಂಬರ್. ಅದರಲ್ಲೂ ಸರ್ಕಾರ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದು. ಹುಡುಗನಿಗೆ ಅರ್ಧ ತೋಳು, ಸರ್ಕಾರಕ್ಕೆ ಪೂರ್ತಿ.

ಇದನ್ನೆಲ್ಲ ನಮ್ಮ ಓಣಿಯ ಟೇಲರ್ ಮುಂದೆ ಕೂತು ಬಡಬಡಿಸುತ್ತಿದ್ದೆ. ಅವನು ತಲೆ ಎತ್ತದೆ ಒಂದು ಅಂಗಿ ತೆಗೆದು ತೋರಿಸಿದ. ತೋಳಿನ ನಡುವೆ ಸುತ್ತಲೂ ಸಣ್ಣ ಗುಂಡಿ. ಬಿಚ್ಚಿದರೆ ಅರ್ಧ ತೋಳು, ಹಾಕಿದರೆ ಪೂರ್ತಿ. "ಪರೀಕ್ಷಾಕ್ಕ ಬಿಚ್ರಿ, ಲಗ್ನಕ್ಕ ಹಾಕ್ರಿ. ಈ ಸೀಸನ್‌ದಾಗ ಭಾಳ ಆರ್ಡರ್ ಬಂದಾವ," ಅಂದ. ಗುಂಡಿ ಲೋಹದ್ದಲ್ಲ ತಾನೆ ಅಂತ ಮುಟ್ಟಿ ನೋಡಿದೆ. ಪ್ಲಾಸ್ಟಿಕ್. ಎಲ್ಲ ಯೋಚನೆ ಮಾಡಿಟ್ಟಿದ್ದ.

"ಇದಕ್ಕ ಪೇಟೆಂಟ್ ಅಂತ ಏನೋ ಸಿಗ್ತದಂತಲ್ರಿ, ನೀವು ಕಂಪ್ಯೂಟರ್ ಮಂದಿ, ಕೊಡಸ್ತೀರೇನು?" ಅಂತ ಕೇಳಿದ.

"ನೋಡೋಣು. ಮೊದಲ ಆಧಾರ್ ಝೆರಾಕ್ಸ್ ಎರಡು ತಗೊಂಡು ಬಾ," ಅಂದೆ.