ಬಾಲ್‌ಪೆನ್ನು ವಶಕ್ಕೆ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಪತ್ರಿಕೆಗಳ ಒಳಪುಟದಲ್ಲಿ ಎಂದೂ ಹಳಸದ ಸುದ್ದಿಯೊಂದಿದೆ. ಊರಿನ ಹೆಸರು ಮಾತ್ರ ಬದಲಾಗುತ್ತದೆ. ಇವತ್ತು ಅಂಕೋಲಾ, ನಾಳೆ ಮುಂಡಗೋಡ, ನಾಡಿದ್ದು ಭಟ್ಕಳ. ಗೂಡಂಗಡಿ ಪಕ್ಕ ಓಸಿ, ಅಂದರೆ ಮಟ್ಕಾ ಜೂಜಿನ ಅಂಕೆ, ಬರೆಯುತ್ತಿದ್ದವನ ಮೇಲೆ ಪೊಲೀಸರ ದಾಳಿ. ವಶಪಡಿಸಿಕೊಂಡ ಸೊತ್ತು: ನಗದು ಆರುನೂರು ಚಿಲ್ಲರೆ ರೂಪಾಯಿ, ಅಂಕೆ ಬರೆದ ಚೀಟಿ ಒಂದು, ಬಾಲ್‌ಪೆನ್ನು ಒಂದು.

ನನಗೆ ಆ ಬಾಲ್‌ಪೆನ್ನಿನದೇ ಚಿಂತೆ. ಪಂಚರ ಸಮಕ್ಷಮ ಅದನ್ನು ಲಕೋಟೆಗೆ ಹಾಕಿ, ಅರಗು ಒತ್ತಿ, ಮೇಲೆ ಸಹಿ ಮಾಡಿಸಬೇಕು. ಸಹಿ ಮಾಡಲು ಪಂಚರು ಕಿಸೆಯಿಂದ ತೆಗೆಯುವುದೂ ಅಂಥದೇ ಪೆನ್ನು. ಆರೋಪಿ ಪೆನ್ನು ಯಾವುದು, ಸಾಕ್ಷಿ ಪೆನ್ನು ಯಾವುದು ಎಂದು ಅದಲುಬದಲಾದರೆ ಕೇಸಿನ ಗತಿಯೇನು? ಓಸಿ ಕೇಸಿಗೆ ಹಾಕುವ ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 78(3) ಇದಕ್ಕೆ ಉತ್ತರ ಕೊಡುವುದಿಲ್ಲ.

ಅದೇ ಹೊತ್ತಿಗೆ, ಅದೇ ಹೆದ್ದಾರಿ 66ರಲ್ಲಿ, ಶನಿವಾರ ಸಂಜೆಯ ಕಾರುಗಳು ಗೋವಾ ಗಡಿಯ ಮಾಜಾಳಿ ದಾಟುತ್ತಿರುತ್ತವೆ. ಪಣಜಿಯ ಮಾಂಡವಿ ನದಿಯಲ್ಲಿ ತೇಲುವ ಕ್ಯಾಸಿನೊ ಹಡಗುಗಳಿಗೆ ಕಾರವಾರದಿಂದ ನೂರು ಕಿಲೋಮೀಟರ್ ಆಸುಪಾಸು. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ನೀರಿಗೆ ಬಿತ್ತು. ಕ್ಯಾಸಿನೊ ಭಕ್ತರು ಎದೆಗುಂದಲಿಲ್ಲ. ಹೊಸ ಸೇತುವೆಯ ಮೇಲೆ ಯಾತ್ರೆ ಮುಂದುವರಿಸಿದರು. ಇವರ ಕೈಯಲ್ಲಿ ಬಾಲ್‌ಪೆನ್ನು ಇರುವುದಿಲ್ಲವಾದ್ದರಿಂದ ಯಾರೂ ಹಿಡಿಯುವ ಪ್ರಶ್ನೆಯಿಲ್ಲ.

ವಾಪಸ್ ಬರುವಾಗ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ತಪಾಸಣೆಯಾಗುತ್ತದೆ, ಇಲ್ಲವೆನ್ನಲಾಗದು. ಡಿಕ್ಕಿ ತೆಗೆಸಿ, ಸೀಟಿನಡಿ ಟಾರ್ಚ್ ಬಿಟ್ಟು, ಗೋವಾ ಬಾಟಲಿ ಇದೆಯೇ ಎಂದು ನೋಡುತ್ತಾರೆ. ತಂಗಿಯ ಮದುವೆಗೆಂದು ಸೊಸೈಟಿಯಲ್ಲಿ ಎತ್ತಿದ ಸಾಲ ರಾತ್ರಿ ಬೆಳಗಾಗುವುದರಲ್ಲಿ ಮಾಂಡವಿಗೆ ಬಿದ್ದಿದ್ದರೆ ಅದು ತಪಾಸಣೆಗೆ ಸಿಗುವ ವಸ್ತುವಲ್ಲ. ಖಾಲಿ ಕಿಸೆ ಸಾಗಿಸುವುದಕ್ಕೆ ಪರ್ಮಿಟ್ ಬೇಡ.

ಗೋವಾ ಸರ್ಕಾರದ ಜಾಣತನ ಮೆಚ್ಚಬೇಕಾದದ್ದು. 2020ರ ಫೆಬ್ರವರಿಯಿಂದ ಗೋವಾದವರಿಗೇ ಕ್ಯಾಸಿನೊದಲ್ಲಿ ಆಡಲು ನಿಷೇಧ. ತನ್ನ ಮಕ್ಕಳು ಕೆಡಬಾರದು, ಪಕ್ಕದ ಮನೆಯವು ಬಂದರೆ ಬರಲಿ, ಬಫೆ ಊಟ ಹಾಕಿ ಕಳಿಸೋಣ! ನಮ್ಮ ಹುಡುಗರೂ ಹೋಗಿ ಬಂದಮೇಲೆ ಬಣ್ಣಿಸುವುದು ಬಫೆಯನ್ನೇ. ಸಿಗಡಿ ಎಷ್ಟು ಸಲ ಹಾಕಿಸಿಕೊಂಡೆ ಎಂಬುದಕ್ಕೆ ಲೆಕ್ಕವಿದೆ. ಎಷ್ಟು ಹೋಯಿತು ಎಂದರೆ "ಬಿಡೋ ಮಾರಾಯಾ, ಎಂಟ್ರಿ ದುಡ್ಡು ಊಟದಲ್ಲೇ ವಸೂಲು" ಎಂಬ ಉತ್ತರ.

ಘಟ್ಟ ಹತ್ತಿ ಶಿರಸಿಗೆ ಬಂದರೆ ಜೂಜು ಎಂಬ ಮಾತೇ ಅಪಚಾರ. ಮುಂಜಿಮನೆಯ ಜಗಲಿಯಲ್ಲಿ ಬೆಳಗಿನ ಜಾವದವರೆಗೆ ಇಸ್ಪೀಟು ನಡೆದರೆ ಅದು ನೆಂಟರ ಉಪಚಾರ. ದೀಪಾವಳಿಯಲ್ಲಿ ಆಡಿದರೆ ಶಾಸ್ತ್ರ. ಓಸಿಯವನನ್ನು ಕಂಡರೆ ಮಾರು ದೂರ ಸರಿಯುವ, ಚಿಕ್ಕಪ್ಪನ ವರಸೆಯ ಅಪ್ಪಚ್ಚಿಯೊಬ್ಬರು ಚಾಲಿ ಅಡಿಕೆಯ ಮೂಟೆಗಳನ್ನು ಅಟ್ಟದಲ್ಲಿ ಪೇರಿಸಿಟ್ಟು, ಇನ್ನೆರಡು ಸಾವಿರ ಏರಲಿ, ಇನ್ನೊಂದು ಸಾವಿರ ಏರಲಿ ಎಂದು ದಿನಾ ಬೆಳಗ್ಗೆ ಪೇಟೆಧಾರಣೆ ನೋಡುತ್ತ ಕೂತಿದ್ದಾರೆ. ಧಾರಣೆ ಇಳಿಯಿತು. ಮತ್ತೂ ಇಳಿಯಿತು. ಮಳೆಗಾಲದಲ್ಲಿ ಮಳೆ ಬಿಟ್ಟು ಹೊಳವಾಗಲೇ ಇಲ್ಲ, ಮರ ಹತ್ತುವ ಕೊನೆಗಾರ ಸಿಗಲಿಲ್ಲ, ಔಷಧಿ ಹೊಡೆಯುವ ಮೊದಲೇ ತೋಟಕ್ಕೆ ಕೊಳೆರೋಗ ಬಂತು. ಇದೂ ಒಂಥರಾ ಆಟವೇ ಅಲ್ಲವೇ ಎಂದರೆ ಕನ್ನಡಕದ ಮೇಲಿಂದ ನೋಡಿ "ಇದು ಜೂಜಲ್ದಾ ತಮಾ, ಯಾಪಾರ" ಎಂದರು. ಮೋಡದ ಜೊತೆ ಬಾಜಿ ಕಟ್ಟಿದವರ ಮೇಲೆ ಯಾವ ಕಲಮೂ ಇಲ್ಲ, ಅವರದ್ದು ಸರಿ.

ಲೆಕ್ಕಕ್ಕೆ ಬಂದರೆ ಓಸಿಯವನದು ತಕ್ಕಮಟ್ಟಿಗೆ ಪಾರದರ್ಶಕ ಆಡಳಿತ. ಸೊನ್ನೆಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಜೋಡಿ. ಹೊಡೆದರೆ ಒಂದು ರೂಪಾಯಿಗೆ ಎಂಬತ್ತು. ಉಳಿದ ಇಪ್ಪತ್ತು ಎಲ್ಲಿಗೆ ಹೋಯಿತು ಎಂದು ಆಡುವವರು ಕೇಳುವುದಿಲ್ಲ, ಅವರಿಗೆ ಬೇರೆ ಸಂಶೋಧನೆ ಇದೆ. ಕನಸಿನಲ್ಲಿ ಹಾವು ಬಂದರೆ ಯಾವ ಅಂಕೆ, ಹೆಣ ಬಂದರೆ ಯಾವ ಅಂಕೆ? ಹೆದ್ದಾರಿಯಲ್ಲಿ ಲಾರಿ ಮಗುಚಿದರೆ ಮೊದಲು ಓಡಿ ಬಂದವನು ನೋಡುವುದು ನಂಬರ್ ಪ್ಲೇಟು. ಆಂಬುಲೆನ್ಸಿಗೆ ಫೋನ್ ಮಾಡುವವನು ಎರಡನೆಯವನು.

ಸರ್ಕಾರ ಇಷ್ಟು ಕಷ್ಟಪಡುವುದಿಲ್ಲ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು, ಮನೆಗಳು ಉಳಿಯಲೆಂದು. ಕೇರಳದಲ್ಲಿ ಅದು ಸರ್ಕಾರದ್ದೇ ಇಲಾಖೆ. 2024ರ ಓಣಂ ಬಂಪರ್‌ನ 25 ಕೋಟಿ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಹೊಡೆದಾಗ ನಮ್ಮ ಪತ್ರಿಕೆಗಳು ಮುಖಪುಟದಲ್ಲಿ ಸಂಭ್ರಮಿಸಿದವು. ನಂಬರಿದ್ದ ಚೀಟಿ ಅಲ್ಲೂ ಇತ್ತು. ಗೆದ್ದವನದ್ದು ಪುಣ್ಯ, ಸೋತವನದ್ದು ಚಟ. ಇನ್ನು ಗಣೇಶೋತ್ಸವದ ಲಕ್ಕಿ ಡ್ರಾ ಕೂಪನ್ ಇದೆಯಲ್ಲ, ಮೊದಲ ಬಹುಮಾನ ಸ್ಕೂಟಿ. ಅದನ್ನು ಬೇಡ ಎಂದವನು ನಾಸ್ತಿಕ.

ಕುದುರೆ ಓಟ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಕೌಶಲ ಕುದುರೆಯದ್ದೋ, ದುಡ್ಡು ಹಾಕಿ ಕೂತವನದ್ದೋ ಎಂಬ ನನ್ನ ಸಂಶಯ ಹಾಗೇ ಇದೆ. ಮೊಬೈಲ್ ಆಟದ ಕಂಪನಿಯ ಹೆಸರು 2023ರಿಂದ ಭಾರತ ಕ್ರಿಕೆಟ್ ತಂಡದ ಎದೆಯ ಮೇಲೇ ಇತ್ತು. ಜಾಹೀರಾತಿನ ಕೊನೆಗೆ "ಆರ್ಥಿಕ ಅಪಾಯವಿದೆ, ಜವಾಬ್ದಾರಿಯಿಂದ ಆಡಿ" ಎಂಬುದನ್ನು ಯಕ್ಷಗಾನದ ಭಾಗವತರೂ ಹಿಡಿಯಲಾಗದ ದ್ರುತಗತಿಯಲ್ಲಿ ಹೇಳಿ ಮುಗಿಸುತ್ತಿದ್ದರು. 2025ರ ಆಗಸ್ಟ್‌ನಲ್ಲಿ ಸಂಸತ್ತಿಗೆ ಜ್ಞಾನೋದಯವಾಗಿ, ಹಣ ಕಟ್ಟುವ ಆನ್‌ಲೈನ್ ಆಟ ಬಂದ್. ಮರು ತಿಂಗಳೇ ಕ್ಯಾಸಿನೊ, ಲಾಟರಿ, ರೇಸಿಗೆ ಶೇ 40 ಜಿಎಸ್‌ಟಿ. ಗೆದ್ದರೆ ಆದಾಯ ತೆರಿಗೆ ಬೇರೆ, ಶೇ 30. ಯಾರು ಕೂತರೂ ಗೆಲ್ಲುವ ಎಲೆ ಒಬ್ಬರ ಕೈಯಲ್ಲೇ ಇರುವ ಆಟಕ್ಕೆ ಇನ್ನೂ ಯಾರೂ ದಾಳಿ ಮಾಡಿಲ್ಲ.

ಆದ್ದರಿಂದ ಜಿಲ್ಲಾಡಳಿತಕ್ಕೆ ನನ್ನದೊಂದು ಅರ್ಜಿ. ಜಿಲ್ಲೆಯ ಓಸಿಯವರನ್ನೆಲ್ಲ ಒಟ್ಟುಮಾಡಿ, ಟೈ ಕಟ್ಟಿಸಿ, ಕಾಳಿ ನದಿಯಲ್ಲಿ ಒಂದು ದೊಡ್ಡ ದೋಣಿ ಬಿಡಬೇಕು. ಕಡಲದಂಡೆಯ ಯುದ್ಧನೌಕೆ ಮ್ಯೂಸಿಯಂಗೆ ಕೈ ಹಚ್ಚುವುದು ಬೇಡ, ಅದು ಮಕ್ಕಳು ನೋಡುವ ಜಾಗ. ನೀರಿನ ಮೇಲೆ ಹೋದಕೂಡಲೇ ಜೂಜು ಪ್ರವಾಸೋದ್ಯಮವಾಗುತ್ತದೆ ಎಂಬುದನ್ನು ನೆರೆರಾಜ್ಯ ತೋರಿಸಿಕೊಟ್ಟಿದೆ. ಊಟಕ್ಕೆ ನೊಗಲಿ ಮೀನಿನ ಫ್ರೈ, ಸಸ್ಯಾಹಾರಿಗಳಿಗೆ ತೊಡೆದೇವು. ಕರ್ನಾಟಕದವರಿಗೆ ಒಳಗೆ ಕಡ್ಡಾಯವಾಗಿ ಪ್ರವೇಶವಿಲ್ಲ. ಗೋವಾದ ಕಾಣಕೋಣದಿಂದ ಬರುವವರಿಗೆ ಬಸ್ಸು ಉಚಿತ. ಹಿಂದಿರುಗುವಾಗ ಅವರ ಬಳಿ ಟಿಕೆಟ್ಟಿಗೆ ದುಡ್ಡು ಇರುವುದಿಲ್ಲವಾದ್ದರಿಂದ ಆ ಬಸ್ಸೂ ಉಚಿತವೇ ಇರಲಿ.