ಹಾಸಿಗೆ ಹಾಸುವವಳಿಗೆ ಕೋಣೆ ಇಲ್ಲ

ದಸರಾ ರಜೆಗೆ ಗೋಕರ್ಣಕ್ಕೆ ಹೋಗಿ ಬಂದು ಹತ್ತು ದಿನ ಆಯಿತು. ಫೋಟೋ ಯಾಕೆ ಹಾಕಿಲ್ಲ ಅಂತ ತುಂಬಾ ಜನ ಕೇಳಿದಿರಿ. ಫೋಟೋ ಇವೆ. ಹಾಕಲು ಮನಸ್ಸು ಬರುತ್ತಿಲ್ಲ.

ಕುಡ್ಲೆ ತೀರದ ಹತ್ತಿರ ಒಂದು ಹೋಂಸ್ಟೇಯಲ್ಲಿ ಇಳಿದಿದ್ದೆವು. ಎರಡನೇ ದಿನ ಬೆಳಿಗ್ಗೆ ಚಾದರ ಬದಲಿಸಲು ಒಬ್ಬ ಹುಡುಗಿ ಬಂದಳು. ಒಳಗೆ ಬಂದವಳು ನನ್ನನ್ನು ನೋಡಿ ಅಲ್ಲೇ ನಿಂತಳು. "ಮೇಡಂ, ಆರಾಮ್ ಇದ್ದೀರೇನ್ರಿ?" ಅಂದಳು.

ಏಳನೇ ತರಗತಿಯಲ್ಲಿ ನನ್ನ ಹತ್ತಿರ ಕಲಿತವಳು. ನಾನು ಸೇಡಂ ತಾಲ್ಲೂಕಿನಲ್ಲಿ ಇದ್ದಾಗಿನ ಮಾತು. ಲಂಬಾಣಿ ತಾಂಡಾದ ಹುಡುಗಿ, ಲೆಕ್ಕದಲ್ಲಿ ಬಹಳ ಚುರುಕು. ಆದರೆ ದೀಪಾವಳಿ ಮುಗಿದರೆ ಶಾಲೆಗೆ ಬರುತ್ತಿರಲಿಲ್ಲ. ಅಪ್ಪ ಅಮ್ಮನ ಜೊತೆ ಗುಳೆ ಹೋಗುತ್ತಿದ್ದಳು. ಹಾಜರಿ ಪುಸ್ತಕದಲ್ಲಿ ಅವಳ ಸಾಲು ತಿಂಗಳುಗಟ್ಟಲೆ ಹಾಗೇ ಇರುತ್ತಿತ್ತು. ಈಗ ಅವಳಿಗೆ ಗಂಡ, ನಾಲ್ಕು ವರ್ಷದ ಮಗ ಇದ್ದಾರೆ. ಗಂಡ ಗೌಂಡಿ. ಅಲ್ಲಿ ಎದ್ದು ನಿಲ್ಲುತ್ತಿರುವ ರೆಸಾರ್ಟ್‌ಗಳಿಗೆ ಗೋಡೆ ಕಟ್ಟುತ್ತಾನೆ. ಇವಳು ಕಟ್ಟಿ ಮುಗಿದ ಕೋಣೆಗಳಲ್ಲಿ ಹಾಸಿಗೆ ಹಾಸುತ್ತಾಳೆ.

ಸಂಜೆ ಅವಳ ಮನೆಗೆ ಹೋದೆ. ಬೇಡ ಅಂದಳು, ಆದರೂ ಹೋದೆ. ತೀರದಿಂದ ದೂರ, ಒಂದು ತೋಟದ ಹಿಂದೆ ಸಾಲಾಗಿ ಆರು ಪತ್ರಾಸ್ ಶೆಡ್. ಆರಕ್ಕೂ ಸೇರಿ ಒಂದೇ ಪಾಯಖಾನೆ. ಸೂರ್ಯ ಮುಳುಗಿದ್ದರೂ ಒಳಗೆ ಕಾವು ಇಳಿದಿರಲಿಲ್ಲ. ಕಲಬುರಗಿಯ ಬಿಸಿಲಲ್ಲಿ ಬೆಳೆದ ನನಗೇ ಉಸಿರು ಕಟ್ಟಿತು. ನಮ್ಮದು ಒಣ ಬಿಸಿಲು, ಅಲ್ಲಿ ಮೈಯೆಲ್ಲ ಅಂಟಂಟು. ಬಾಗಿಲಿಗೆ ಚಿಲಕ ಇಲ್ಲ, ತಂತಿ ಸುತ್ತಿದ್ದರು. ಊರಿಂದ ತಂದ ಜೋಳದ ಹಿಟ್ಟಿನ ಚೀಲವನ್ನು ಒದ್ದೆ ಆಗದಂತೆ ಮೇಲೆ ಕಟ್ಟಿದ್ದರು. ಅದರಲ್ಲೇ ಎರಡು ರೊಟ್ಟಿ ಬಡಿದು ಕೊಟ್ಟಳು. ಈ ಶೆಡ್ಡಿಗೆ ತಿಂಗಳಿಗೆ 4,000 ರೂಪಾಯಿ ಬಾಡಿಗೆ.

ಮೊದಲು ಒಂದು ಒಳ್ಳೆ ಕೋಣೆಯಲ್ಲೇ ಇದ್ದರಂತೆ. ಹಳೆ ಹಂಚಿನ ಮನೆ, ಪಕ್ಕದಲ್ಲೇ ಬಾವಿ. ಬಾಡಿಗೆ 4,500. ಹೋದ ವರ್ಷ ಡಿಸೆಂಬರ್ ಬಂತು, ಹೊಸ ವರ್ಷಕ್ಕೆ ಗಿರಾಕಿ ಬರುತ್ತಾರೆ, ಖಾಲಿ ಮಾಡಿ ಅಂದರಂತೆ. ಎಂಟು ದಿನದ ಗಡುವು. ಕರಾರು ಪತ್ರ ಇಲ್ಲ, ಕೇಳುವ ಬಾಯಿಯೂ ಇಲ್ಲ. ಅದೇ ಕೋಣೆ ವರ್ಷದ ಕೊನೆಯಲ್ಲಿ ಒಂದು ರಾತ್ರಿಗೆ 3,000ಕ್ಕೆ ಹೋಯಿತು. ಜನವರಿಯಲ್ಲಿ ಆ ಕೋಣೆ ಗುಡಿಸಲು ಕರೆದದ್ದು ಇವಳನ್ನೇ. ದೇವರ ಫೋಟೋ ಇಡುತ್ತಿದ್ದ ಗೂಡಿನಲ್ಲಿ ಈಗ ವೈಫೈ ಪಾಸ್‌ವರ್ಡ್ ಬರೆದ ಕಾರ್ಡ್ ಇದೆ ಅಂತ ಹೇಳಿದಳು.

"ಮೇಡಂ, ಒಂದು ಶನಿವಾರ ಭಾನುವಾರದಾಗ ನಮ್ಮ ತಿಂಗಳ ಬಾಡಿಗಿ ಬರ್ತದ್ರಿ. ನಮಗ್ಯಾಕ ಕೊಡ್ತಾರ?" ಅಂದಳು. ಲೆಕ್ಕ ಈಗಲೂ ತಪ್ಪಿಲ್ಲ.

ನನ್ನ ಸಿಟ್ಟು ಇರುವುದು ಇಲ್ಲೇ. ಎರಡು ರಾತ್ರಿಗೆ ಬಂದ ನನಗೆ ಸಮುದ್ರ ಕಾಣುವ ಕೋಣೆ ಇದೆ. ವರ್ಷದಲ್ಲಿ ಒಂಬತ್ತು ತಿಂಗಳು ಆ ಊರನ್ನು ಗುಡಿಸಿ, ತೊಳೆದು, ಕಟ್ಟಿ ನಿಲ್ಲಿಸುವವಳಿಗೆ ಚಿಲಕ ಇರುವ ಒಂದು ಬಾಗಿಲಿಲ್ಲ.

ಇದು ಗುಳೆ ಹೋದವರ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ವಾಪಸ್ ಬರುವಾಗ ಆಟೋದವರು ಹೇಳಿದರು, ಮಗನಿಗೆ ಮದುವೆ ಆದ ಮೇಲೆ ಊರಲ್ಲಿ ಬಾಡಿಗೆ ಮನೆ ಸಿಗದೆ ಅವನು ಕುಮಟಾದಲ್ಲಿ ಇದ್ದಾನೆ, ದಿನಾ ಬಸ್ಸಲ್ಲಿ ಓಡಾಡುತ್ತಾನೆ. ಹುಟ್ಟಿದ ಊರಲ್ಲೇ ಜಾಗ ಇಲ್ಲ. ವರ್ಗಾವಣೆ ಆಗಿ ಬರುವ ಮಾಸ್ತರು, ನರ್ಸ್ ಎಲ್ಲರಿಗೂ ಇದೇ ಪಾಡು ಅಂದರು. ನಾನೂ ವರ್ಗಾವಣೆ ಕಂಡವಳು. ಹೊಸ ಊರಲ್ಲಿ ಮನೆ ಹುಡುಕುತ್ತಾ ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಓಣಿ ಓಣಿ ತಿರುಗಿದ್ದು ನೆನಪಿದೆ.

ನಮ್ಮ ಮನೆಯವರು ಬಸ್ಸಿನಲ್ಲೇ ವಾದಕ್ಕೆ ಕೂತರು. "ಮನೆ ಅವರದು. ಯಾರಿಗೆ ಕೊಡಬೇಕು ಅನ್ನೋದು ಅವರಿಷ್ಟ. ಅವರೂ ನಾಲ್ಕು ತಿಂಗಳ ಸೀಸನ್‌ನಲ್ಲೇ ವರ್ಷದ ದುಡ್ಡು ನೋಡಬೇಕು" ಅಂದರು. ಅರಬೈಲ್ ಘಟ್ಟ ಹತ್ತುವವರೆಗೂ ಇದೇ ಮಾತು. ಮಳೆಗಾಲದಲ್ಲಿ ಅಲ್ಲಿ ವ್ಯಾಪಾರ ಇಲ್ಲ, ನಿಜ. ತಮ್ಮ ಮನೆಯಲ್ಲಿ ಎರಡು ಕೋಣೆ ಬಾಡಿಗೆಗೆ ಕೊಟ್ಟು ಬದುಕುವ ಕುಟುಂಬದ ಮೇಲೆ ನನಗೂ ಸಿಟ್ಟಿಲ್ಲ. ಆದರೆ ಆ ಎರಡು ಕೋಣೆಗೆ ಗಿರಾಕಿ ಬರುವುದು ಚಾದರ ಶುಚಿಯಾಗಿದ್ದರೆ ತಾನೇ? ಚಾದರ ಒಗೆಯುವವಳು ಎಲ್ಲಿ ಮಲಗಬೇಕು ಅನ್ನುವುದು ಆ ವ್ಯಾಪಾರದ ಲೆಕ್ಕದೊಳಗೇ ಬರಬೇಕು. ಅದನ್ನು ಹೊರಗಿಟ್ಟು ಲಾಭ ತೋರಿಸಿದರೆ ನಾನು ಒಪ್ಪುವುದಿಲ್ಲ.

ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲಿ ಮಾಲೀಕರು ಅದೇ ಮನೆಯಲ್ಲಿ ವಾಸ ಇರಬೇಕು ಅಂತ ಇದೆ. ಕೋಣೆ ಆರಕ್ಕಿಂತ ಜಾಸ್ತಿ ಇರುವಂತಿಲ್ಲ. ಹೋಂಸ್ಟೇ ಅಂದರೆ ಅದೇ ಅಲ್ವಾ? ನಾವು ಇಳಿದಿದ್ದ ಮನೆಯ ಮಾಲೀಕರು ಇರುವುದು ಬೇರೆ ಊರಲ್ಲಿ. ಬೀಗದ ಕೈ ಕೊಟ್ಟಿದ್ದು ಒಬ್ಬ ಹುಡುಗ. ಅಲ್ಲಿ ಮನೆಯೇ ಇರಲಿಲ್ಲ, ಬರೀ ಕೋಣೆಗಳಿದ್ದವು.

ಇನ್ನು ಅವಳ ಗಂಡನ ವಿಷಯ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಸ್ಪಷ್ಟವಾಗಿ ಬರೆದಿತ್ತು. ಕೆಲಸ ನಡೆಯುವಷ್ಟು ದಿನ ಕೆಲಸಗಾರರಿಗೆ ಉಚಿತವಾಗಿ ಇರಲು ಜಾಗ ಕೊಡಬೇಕು. ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಬೇರೆ ಬೇರೆ ಜಾಗ ಇರಬೇಕು. ಇದನ್ನು ಹೇಳಿದಾಗ ಅವನು ನನ್ನನ್ನು ಸುಮ್ನೆ ನೋಡಿದ. ಇಷ್ಟು ವರ್ಷ ಗೋಡೆ ಕಟ್ಟಿದ್ದಾನೆ, ಯಾರೂ ಅವನಿಗೆ ಆ ಮಾತು ಹೇಳಿಲ್ಲ.

ಒಂದು ಸಂಗತಿ ನನ್ನ ನಿದ್ದೆ ಕೆಡಿಸಿದೆ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿ ಬಂದು ಮನೆ ಜಾಗದ ಹಕ್ಕುಪತ್ರ ಹಂಚಿದ್ದು ನಿಮಗೆ ನೆನಪಿರಬಹುದು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರದ 50,000ಕ್ಕೂ ಜಾಸ್ತಿ ತಾಂಡಾ ಕುಟುಂಬಗಳಿಗೆ ಸಿಕ್ಕಿತು. ಅವಳ ಅತ್ತೆಗೂ ಬಂದಿದೆ. ಅದು ಬಹಳ ದೊಡ್ಡ ಕೆಲಸ, ನಾನು ಆ ದಿನ ಖುಷಿಯಿಂದ ಅತ್ತಿದ್ದೆ. ಆದರೆ ಹಕ್ಕುಪತ್ರ ಇರುವ ಆ ಮನೆಯಿಂದ ಇವರು ಒಂಬತ್ತು ತಿಂಗಳು ದೂರ. ದುಡಿಮೆ ಇರುವ ಊರಲ್ಲಿ ಇವರದು ಅಂತ ಒಂದು ಕಾಗದವೂ ಇಲ್ಲ. ಲಾಕ್‌ಡೌನ್‌ನಲ್ಲಿ ಜನ ನಡೆದು ಊರು ಸೇರಿದ್ದನ್ನು ನೋಡಿದ ಮೇಲೆ, 2020ರಲ್ಲಿ ಕೇಂದ್ರ ಸರ್ಕಾರ ವಲಸೆ ಕಾರ್ಮಿಕರಿಗೆ ಕಡಿಮೆ ಬಾಡಿಗೆಯ ಮನೆಗಳ ಯೋಜನೆ ತಂದಿತು. ಒಳ್ಳೆಯದೇ. ಆದರೆ ಅದನ್ನು ನಗರಗಳ ವಸತಿ ಯೋಜನೆಯೊಳಗೆ ಇಟ್ಟರು. ಶನಿವಾರ ಬಂದರೆ ಕಾಲಿಡಲು ಜಾಗ ಇರದ ಇಂಥ ಪುಟ್ಟ ಊರುಗಳನ್ನು ನೆನೆದವರು ಯಾರು?

ಜಾಗವೇ ಇಲ್ಲ, ಕರಾವಳಿ ನಿಯಮ ಕಟ್ಟಲು ಬಿಡುವುದಿಲ್ಲ ಅನ್ನುತ್ತಾರೆ. ಆ ನಿಯಮ ಇರುವುದು ಸಮುದ್ರದ ಅಂಚಿಗೆ. ನನ್ನ ಹುಡುಗಿ ಸಮುದ್ರ ಕಾಣುವ ಕಿಟಕಿ ಕೇಳುತ್ತಿಲ್ಲ.

ಬೇರೆ ಕಡೆ ಏನು ಮಾಡಿದ್ದಾರೆ ಅಂತ ಬಂದ ಮೇಲೆ ಕೂತು ಓದಿದೆ. ಇಂಗ್ಲೆಂಡಿನಲ್ಲಿ ಸೇಂಟ್ ಐವ್ಸ್ ಅಂತ ಒಂದು ಪುಟ್ಟ ಕಡಲೂರು. ರಜೆಗೆ ಬರುವವರು ಮನೆ ಕೊಂಡು ಕೊಂಡು ಊರವರಿಗೆ ಮನೆ ಇಲ್ಲದಂತಾಗಿತ್ತು. 2016ರಲ್ಲಿ ಜನ ಮತ ಹಾಕಿ, ಹೊಸದಾಗಿ ಕಟ್ಟುವ ಮನೆಯಲ್ಲಿ ವರ್ಷಪೂರ್ತಿ ವಾಸ ಇರುವವರೇ ಇರಬೇಕು ಅಂತ ನಿಯಮ ತಂದರು. ನೂರಕ್ಕೆ 80ಕ್ಕಿಂತ ಜಾಸ್ತಿ ಮತ ಬಿತ್ತು. ಆಮೇಲೆ ಹೊರಗಿನವರು ಹಳೆ ಮನೆಗಳ ಕಡೆ ತಿರುಗಿದರು. ಅಂದರೆ ಬರೀ ನಿಯಮ ಸಾಲದು, ಬಾಡಿಗೆಗೆ ಅಂತಲೇ ಮನೆ ಕಟ್ಟಬೇಕು. ಇಪ್ಪತ್ತು ಕೋಣೆಯ ಲಾಡ್ಜ್‌ಗೆ ಅನುಮತಿ ಕೊಡುವಾಗ, ಕೆಲಸದವರಿಗೆ ಎಷ್ಟು ಕೋಣೆ, ತೋರಿಸಿ ಅಂತ ಪಂಚಾಯಿತಿ ಕೇಳಬೇಕು. ಪಾರ್ಕಿಂಗ್ ಜಾಗ ಕೇಳುತ್ತಾರಲ್ಲ, ಹಾಗೆ. ಕಾರು ನಿಲ್ಲಿಸಲು ಜಾಗ ಬೇಕು ಅನ್ನುವ ನಕ್ಷೆಯಲ್ಲಿ ಮನುಷ್ಯರು ಮಲಗುವ ಜಾಗವೂ ಇರಲಿ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಮುಚ್ಚಿಡಲಾರೆ. ಐದು ವರ್ಷದ ಹಿಂದೆ ನಮ್ಮ ಮೇಲಿನ ಮನೆ ಖಾಲಿ ಇತ್ತು. ಯಾದಗಿರಿ ಕಡೆಯ ಒಂದು ಗೌಂಡಿ ಕುಟುಂಬ ಕೇಳಿಕೊಂಡು ಬಂತು. ಜನ ಜಾಸ್ತಿ, ನೀರು ಸಾಲುವುದಿಲ್ಲ ಅಂದೆ. ಅವರು ಇದ್ದದ್ದು ಮೂವರು. ಆ ಹೆಂಗಸು ಮರುಮಾತಾಡದೆ ಮೆಟ್ಟಿಲಿಳಿದು ಹೋದಳು. ಶೆಡ್ಡಿನಲ್ಲಿ ರೊಟ್ಟಿ ತಿನ್ನುವಾಗ ಆ ಮುಖ ನೆನಪಾಗಿ ತುತ್ತು ಇಳಿಯಲಿಲ್ಲ.

ನಿನ್ನೆ ರಾತ್ರಿ ಅವಳ ಫೋನ್ ಬಂತು. ಶೆಡ್‌ಗಳನ್ನೂ ಕಿತ್ತು ಅಲ್ಲಿ ಟೆಂಟ್ ಹಾಕುತ್ತಾರಂತೆ, ಡಿಸೆಂಬರ್ ಒಳಗೆ ಬಿಡಬೇಕಂತೆ. ಮಗನನ್ನು ತಾಂಡಾದಲ್ಲಿ ಅಜ್ಜಿ ಹತ್ತಿರ ಬಿಡಲಾ ಅಂತ ಕೇಳಿದಳು. ಸ್ವಲ್ಪ ದಿನ ತಡಿ ಅಂದಿದ್ದೇನೆ.

ಗೋಕರ್ಣ, ಕುಮಟಾ, ಅಂಕೋಲಾ ಕಡೆಯ ಗೆಳೆಯರೇ, ವರ್ಷಪೂರ್ತಿ ಬಾಡಿಗೆಗೆ ಕೊಡುವ ಒಂದು ಕೋಣೆ ಗೊತ್ತಿದ್ದರೆ ನನಗೆ ಮೆಸೇಜ್ ಮಾಡಿ. ಗಂಡ, ಹೆಂಡತಿ, ಒಂದು ಮಗು. ಕರಾರು ಪತ್ರ ಬೇಕು, ಬಾಗಿಲಿಗೆ ಚಿಲಕ ಇರಬೇಕು. ಡಿಪಾಸಿಟ್ ನಾನು ಕೊಡುತ್ತೇನೆ.