ಯಾವ ಬೆಳೆ ಇಡೋದು ಅಂತ ಅಂಕ ಹಾಕಿ ನಿರ್ಧರಿಸಬೇಕಾ?

ಪರ: ಮನಸ್ಸಿನ ಲೆಕ್ಕ ಕಾಗದಕ್ಕೆ ಬರಲಿ

ಹೊಸ ಬೋರ್‌ವೆಲ್‌ನಲ್ಲಿ ನೀರು ಸಿಕ್ಕಿತು ಅಂದುಕೊಳ್ಳಿ. ಕೋಲಾರದ ಕಡೆ ಮುಂದಿನ ಮಾತು ಒಂದೇ. ಟೊಮ್ಯಾಟೊ ಹಾಕೋದಾ, ರೇಷ್ಮೆಗೆ ಹಿಪ್ಪುನೇರಳೆ ಹಾಕೋದಾ, ರಾಗಿಯೇ ಸಾಕಾ? ಎಷ್ಟೋ ಜನ ಆಗಿನ ಬೆಲೆ ನೋಡಿ ನಾಟಿ ಮಾಡುತ್ತಾರೆ. 2023ರ ಜುಲೈನಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದನ್ನು ನೋಡಿ ನಾಟಿ ಮಾಡಿದವರ ಕೈಗೆ ಬೆಳೆ ಬರುವಷ್ಟರಲ್ಲಿ, ಸೆಪ್ಟೆಂಬರ್‌ಗೆ, ಬೆಲೆ ನೆಲಕಚ್ಚಿತ್ತು.

ಬೆಲೆಯ ಜೊತೆ ನೀರು, ಖರ್ಚು, ಆಳು, ಸಾಲ ಎಲ್ಲವೂ ಲೆಕ್ಕಕ್ಕೆ ಬರಬೇಕು. ಅದಕ್ಕೇ ಗಣಿತಜ್ಞ ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ವಿಧಾನ ನನಗೆ ಇಷ್ಟ. ಇವುಗಳಲ್ಲಿ ಎರಡೆರಡನ್ನು ಎದುರುಬದುರು ಇಟ್ಟು, ಯಾವುದು ಎಷ್ಟು ಮುಖ್ಯ ಅಂತ 1ರಿಂದ 9ರವರೆಗೆ ಅಂಕ ಕೊಡಬೇಕು. ಆಮೇಲೆ ಒಂದೊಂದರಲ್ಲೂ ಬೆಳೆಗಳನ್ನು ಹೀಗೇ ಹೋಲಿಸಿ, ಎಲ್ಲ ಸೇರಿಸಿ ಯಾವ ಬೆಳೆ ಮೇಲೆ ಅಂತ ನೋಡಬೇಕು. ನೀರು ಆಳಿಗಿಂತ ಮುಖ್ಯ, ಆಳು ಬೆಲೆಗಿಂತ ಮುಖ್ಯ ಅಂದವರೇ ಬೆಲೆ ನೀರಿಗಿಂತ ಮುಖ್ಯ ಅಂದರೆ, ಮಾತು ಹೊಂದುತ್ತಿಲ್ಲ ಅಂತ ಲೆಕ್ಕವೇ ತೋರಿಸುತ್ತದೆ. ಮಾತು ಎಷ್ಟು ಹೊಂದುತ್ತಿಲ್ಲ ಅನ್ನುವ ಅಳತೆ 0.10 ದಾಟಿದರೆ ಅಂಕಗಳನ್ನು ಮತ್ತೆ ನೋಡಬೇಕು.

ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಸೊಪ್ಪು ಹಾಕೋದು, ಕಸ ತೆಗೆಯೋದು ಜಾಸ್ತಿ ಹೆಂಗಸರ ಮೇಲೇ ಬೀಳುತ್ತದೆ. ಜಗಲಿ ಮಾತಿನಲ್ಲಿ ಆ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೊಂದು ಕಾಲಂ ಇಟ್ಟು ಅವರ ಕೈಯಲ್ಲೇ ಅಂಕ ಹಾಕಿಸಿದರೆ ನಿರ್ಧಾರವೇ ಬದಲಾಗಬಹುದು.

ಅಂಕ ತಪ್ಪಿದ್ದರೆ? ಸ್ವಲ್ಪ ಅತ್ತಿತ್ತ ಮಾಡಿ ನೋಡಿ. ಆಗಲೂ ಅದೇ ಬೆಳೆ ಮೇಲೆ ನಿಂತರೆ ಆಯ್ಕೆ ಗಟ್ಟಿ.

ವಿರೋಧ: ವಿಧಾನ ಬದಲಾದರೆ ಬೆಳೆಯೂ ಬದಲು

ಒಂದು ಲೆಕ್ಕ ಹಾಕೋಣ. ಅಂಕಿಗಳು ಬರೀ ಉದಾಹರಣೆಗೆ. ಮಾರುಕಟ್ಟೆ ಏರಿದರೆ ಟೊಮ್ಯಾಟೊದಲ್ಲಿ 3 ಲಕ್ಷ ಲಾಭ, ಬಿದ್ದರೆ 1 ಲಕ್ಷ ನಷ್ಟ. ರೇಷ್ಮೆಯಲ್ಲಿ ಏರಿದರೆ 1 ಲಕ್ಷ, ಬಿದ್ದರೂ 40 ಸಾವಿರ ಲಾಭ. ರಾಗಿಯಲ್ಲಿ ಹೇಗಿದ್ದರೂ 20 ಸಾವಿರ. (ಟೊಮ್ಯಾಟೊ ಬೆಲೆ, ರೇಷ್ಮೆಗೂಡಿನ ಬೆಲೆ ಒಟ್ಟಿಗೇ ಏರಿ ಇಳಿಯುವುದಿಲ್ಲ. ಸದ್ಯಕ್ಕೆ ಅದನ್ನು ಬಿಡಿ.)

ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಹೇಳಿದಂತೆ, ಅತಿ ಕೆಟ್ಟ ಕಾಲದಲ್ಲಿ ಯಾವುದು ವಾಸಿ ಅಂತ ನೋಡಿದರೆ ರೇಷ್ಮೆ ಗೆಲ್ಲುತ್ತದೆ. ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಲಿಯೊನಾರ್ಡ್ ಸ್ಯಾವೇಜ್ 1951ರಲ್ಲಿ ಹೇಳಿದ ದಾರಿ ಬೇರೆ. ಆಮೇಲೆ ‘ಅಯ್ಯೋ, ಅದನ್ನು ಹಾಕಬೇಕಿತ್ತು’ ಅನ್ನುವ ಕೊರಗು ಆದಷ್ಟು ಕಡಿಮೆ ಇರಬೇಕು. ಮಾರುಕಟ್ಟೆ ಬಿದ್ದಾಗ ಟೊಮ್ಯಾಟೊದವರ ಕೊರಗು 1.4 ಲಕ್ಷ: 1 ಲಕ್ಷ ನಷ್ಟ, ಜೊತೆಗೆ ರೇಷ್ಮೆಯಲ್ಲಿ ಸಿಗಬಹುದಿದ್ದ 40 ಸಾವಿರ. ಏರಿದಾಗ ರೇಷ್ಮೆಯವರದು 2 ಲಕ್ಷ, ರಾಗಿಯವರದು 2.8 ಲಕ್ಷ. ಒಂದೊಂದು ಬೆಳೆಯ ಅತಿ ದೊಡ್ಡ ಕೊರಗು ಇದು. ಅದರಲ್ಲಿ ಕಡಿಮೆ ಟೊಮ್ಯಾಟೊದವರದು, ಹಾಗಾಗಿ ಟೊಮ್ಯಾಟೊ! ಅದೇ ಹೊಲ, ಅದೇ ಅಂಕಿ, ಉತ್ತರ ಮಾತ್ರ ಎರಡು. ವಿಧಾನ ಆರಿಸಿಕೊಂಡಾಗಲೇ ಬೆಳೆಯನ್ನೂ ಆರಿಸಿಕೊಂಡಂತಾಯಿತು, ಅಲ್ವಾ?

ಅಂಕ ಕೂಡಿಸುವುದು ಇನ್ನೂ ಅಪಾಯ. ಆದಾಯಕ್ಕೆ ಜಾಸ್ತಿ ಅಂಕ ಬಿದ್ದರೆ ನೀರಿಗೆ ಕಡಿಮೆ ಬಿದ್ದದ್ದು ಮುಚ್ಚಿಹೋಗುತ್ತದೆ. ಸಾವಿರ ಅಡಿ ಕೊರೆದ ಬೋರ್ ಕೂಡ ಬತ್ತುವ ಜಿಲ್ಲೆ ಇದು. ಬತ್ತಿದ ದಿನ ಆದಾಯದ ಅಂಕವನ್ನು ಗಿಡಕ್ಕೆ ಹಾಯಿಸೋಕೆ ಆಗುವುದಿಲ್ಲ.

ಮೊದಲು ಎರಡು ಪ್ರಶ್ನೆ ಕೇಳಬೇಕು. ಬೇಸಿಗೆಯಲ್ಲಿ ನೀರು ಸಾಲುತ್ತದಾ? ಬೆಳೆ ಪೂರ್ತಿ ಕೈಕೊಟ್ಟರೂ ಸಾಲ ಕಟ್ಟೋಕೆ ಆಗುತ್ತದಾ? ಎರಡಕ್ಕೂ ಹೌದು ಅನ್ನಲಾಗದ ಬೆಳೆ ಎಷ್ಟು ಅಂಕ ತೆಗೆದರೂ ಬೇಡ. ಎಷ್ಟೋ ಹೊಲಗಳಲ್ಲಿ ಆಮೇಲೆ ಪಟ್ಟಿಯಲ್ಲಿ ಉಳಿಯುವುದು ರಾಗಿ ಒಂದೇ.